ಹೊಸ ಮನೆಯ ಕೈತೋಟ: ಮೊದಲ ವರ್ಷ ಎಲ್ಲಿಂದ ಶುರು ಮಾಡಬೇಕು

ಮೈಸೂರಿನ ಹೊರಗಿನ ಒಂದು ಬಡಾವಣೆಯಲ್ಲಿ 40×60 ಸೈಟಿನಲ್ಲಿ ಮನೆ ಕಟ್ಟಿಸಿ, ಮಾರ್ಚ್ ತಿಂಗಳಲ್ಲಿ ಒಕ್ಕಲು ಬಂದೆವು. ಅದಕ್ಕೂ ಮುಂಚೆ ಹನ್ನೊಂದು ವರ್ಷ ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಕುಂಡ ಇಟ್ಟುಕೊಂಡವಳು ನಾನು. ನೆಲ ಸಿಕ್ಕಿದ ಖುಷಿಗೆ ಎಂಟೇ ದಿನದಲ್ಲಿ ನರ್ಸರಿಗೆ ಹೋದೆ. ಎರಡು ಗುಲಾಬಿ, ಒಂದು ನಿಂಬೆ, ದಾಸವಾಳ, ಕೇಪಳ (ನಮ್ಮ ಕಡೆ ಇಕ್ಸೋರ ಅಂತಾರಲ್ಲ, ಅದೇ) ತಂದು ಕಾಂಪೌಂಡಿನ ಪಕ್ಕ ಸಾಲಾಗಿ ನೆಟ್ಟೆ.

ಮೇ ಹೊತ್ತಿಗೆ ಕೇಪಳದ ಎಲೆಯೆಲ್ಲ ಹಳದಿ. ನರಗಳು ಮಾತ್ರ ಹಸಿರಾಗಿ, ಮಿಕ್ಕಿದ್ದು ನಿಂಬೆಹಣ್ಣಿನ ಬಣ್ಣ. ನೀರು ಜಾಸ್ತಿ ಹಾಕಿದೆ, ಗೊಬ್ಬರ ಹಾಕಿದೆ, ಏನೂ ಆಗಲಿಲ್ಲ. ಎದುರು ಮನೆಯ ಅಜ್ಜಿ ಒಂದು ಸಂಜೆ ಬಂದು, ಗಿಡದ ಬುಡದ ಮಣ್ಣನ್ನು ಬೆರಳಲ್ಲಿ ಕೆದಕಿ ಹೇಳಿದರು: "ಮಣ್ಣಲ್ಲಿ ಸಿಮೆಂಟು ಕೂತದೆ ಕಣವ್ವ. ಗಿಡದ್ದೇನು ತಪ್ಪು? ಮೊದ್ಲು ನೆಲ ಸರಿ ಮಾಡ್ಕೊ, ಗಿಡ ಎಲ್ಲಿಗೆ ಓಡೋಯ್ತದೆ?"

ಅವತ್ತೇ ಗುದ್ದಲಿ ತಂದು ಅಗೆದೆ. ನಾಲ್ಕು ಇಂಚಿಗೇ ಠಣ್ ಅಂತು. ಗಟ್ಟಿಯಾದ ಸಿಮೆಂಟ್ ಚೂರು, ಇಟ್ಟಿಗೆ ಒಡಕು, ಟೈಲ್ಸ್ ತುಂಡು, ಪುಟ್ಟಿ ಚೀಲ, ಮಧ್ಯೆ ಒಂದು ಹಳೇ ಚಪ್ಪಲಿ. ಮನೆ ಕಟ್ಟುವಾಗ ಮಿಕ್ಕಿದ್ದನ್ನೆಲ್ಲ ಅಲ್ಲೇ ಹರಡಿ, ಮೇಲೆ ಅರ್ಧ ಅಡಿ ಕೆಂಪು ಮಣ್ಣು ಎಳೆದು ಚೊಕ್ಕ ಮಾಡಿದ್ದರು. ಹೊಸ ಮನೆಗಳಲ್ಲಿ ಇದು ತುಂಬಾ ಕಡೆ ಹೀಗೇ ಇರುತ್ತದೆ. ಅದಕ್ಕೇ ಈಗ ಯಾರು ಕೇಳಿದರೂ ನಾನು ಹೇಳುವುದು ಒಂದೇ: ಮೊದಲ ಮುಂಗಾರನ್ನು ಗಿಡಕ್ಕೆ ಕೊಡಬೇಡಿ, ಮಣ್ಣಿಗೆ ಕೊಡಿ. ಅದನ್ನು ಹೇಗೆ ಮಾಡುವುದು ಅಂತ ಒಂದೊಂದಾಗಿ ಬರೆಯುತ್ತೇನೆ.

ನಕ್ಷೆ: ನೆಲದ ಕೆಳಗೆ ಇರುವುದನ್ನೂ ಬರೆಯಿರಿ

ಒಂದು ಚೌಕುಳಿ ಹಾಳೆ ತಗೊಳ್ಳಿ. ಒಂದು ಚೌಕ ಒಂದು ಅಡಿ. ಟೇಪ್ ಹಿಡಿಯಲು ಮನೆಯಲ್ಲಿ ಯಾರನ್ನಾದರೂ ಜೊತೆಗೆ ಕರೆದು ಮನೆ, ಕಾಂಪೌಂಡ್, ಗೇಟು, ಬಾವಿ ಅಥವಾ ಬೋರು ಎಲ್ಲಾ ಅಳೆದು ಹಾಕಿ. ಆಮೇಲೆ ಕಣ್ಣಿಗೆ ಕಾಣದ್ದು: ಸಂಪು ಎಲ್ಲಿಂದ ಎಲ್ಲಿವರೆಗಿದೆ, ಒಳಚರಂಡಿ ಪೈಪು ಯಾವ ದಾರಿಯಲ್ಲಿ ಹೋಗಿದೆ, ಚೇಂಬರ್ ಮುಚ್ಚಳ ಎಲ್ಲಿದೆ, ಅರ್ಥಿಂಗ್ ಗುಂಡಿ ಎಲ್ಲಿದೆ, ಮೋಟಾರಿನ ವೈರು ಎಲ್ಲಿ ಹೂತಿದ್ದಾರೆ. ಇನ್ನೂ ಕೆಲಸ ನಡೆಯುತ್ತಿದ್ದರೆ ಪೈಪು ಮುಚ್ಚುವ ಮುಂಚೆ ಫೋಟೋ ತೆಗೆದಿಟ್ಟುಕೊಳ್ಳಿ. ಆಗಲೇ ಮುಚ್ಚಿದ್ದರೆ ಪ್ಲಂಬರ್‌ನನ್ನು ಒಂದು ಸಲ ಕರೆಸಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಸಿ.

ಇನ್ನೊಂದು ಗೆರೆ ಮನೆಯ ಸುತ್ತ ಹಾಕಿ. ಪಾಯದ ಸಮಯದಲ್ಲಿ ಗೆದ್ದಲು ಬಾರದಿರಲಿ ಅಂತ ಗೋಡೆಯ ಪಕ್ಕದ ಮಣ್ಣಿಗೆ ಔಷಧಿ ಹಾಕಿಸುವ ವಾಡಿಕೆ ಇದೆ. ಅದು ವರ್ಷಗಟ್ಟಲೆ ಮಣ್ಣಲ್ಲಿ ಉಳಿಯಲಿ ಅಂತಲೇ ಹಾಕುವುದು. ಹಾಕಿಸಿದ್ದೀರಾ ಅಂತ ಮೇಸ್ತ್ರಿಯನ್ನು ಕೇಳಿ. ಹಾಕಿಸಿದ್ದರೆ ಗೋಡೆಯಿಂದ ಎರಡು ಅಡಿ ಒಳಗೆ ಸೊಪ್ಪು, ತರಕಾರಿ, ಅರಿಶಿನ ಯಾವುದೂ ಬೇಡ. ಹಾಕಿಸದಿದ್ದರೂ ಗೋಡೆಗೆ ತಾಗಿ ಪಾತಿ ಮಾಡಬಾರದು, ದಿನಾ ನೀರು ಬಿದ್ದು ತೇವ ಏರುತ್ತದೆ. ಆ ಎರಡು ಅಡಿಯಲ್ಲಿ ಜಲ್ಲಿ ಹಾಕಿ ಓಡಾಡುವ ಜಾಗ ಮಾಡಿಕೊಂಡರೆ ಆಯ್ತು.

ಬರೀ ಸಿಮೆಂಟ್ ಇಟ್ಟಿಗೆ ಹಾಸಿರುವ ಅಂಗಳ ನಿಮ್ಮದಾಗಿದ್ದರೆ ಬೇಸರ ಬೇಡ. ಇಂಟರ್‌ಲಾಕ್ ಇಟ್ಟಿಗೆಯನ್ನು ಬಿಡಿಸಿ ತೆಗೆಯಬಹುದು. ಬೇಕಾದಷ್ಟು ಜಾಗದಲ್ಲಿ ತೆಗೆದು ಅಂಚಿಗೆ ಅದನ್ನೇ ನಿಲ್ಲಿಸಿದರೆ ಪಾತಿಗೆ ಕಟ್ಟೆಯೂ ಆಗುತ್ತದೆ.

ನೆರಳನ್ನು ರಂಗೋಲಿ ಪುಡಿಯಲ್ಲಿ ಗುರುತಿಸಿ

ಬಿಸಿಲು ಎಷ್ಟು ಬೀಳುತ್ತದೆ ಅಂತ ಒಂದು ದಿನ ನೋಡಿ ತೀರ್ಮಾನ ಮಾಡುವುದು ದೊಡ್ಡ ತಪ್ಪು. ನಾನು ಏಪ್ರಿಲ್‌ನಲ್ಲಿ ನೋಡಿ "ಎಲ್ಲಾ ಕಡೆ ಬಿಸಿಲೇ ಬಿಸಿಲು" ಅಂದುಕೊಂಡಿದ್ದೆ. ಡಿಸೆಂಬರ್‌ನಲ್ಲಿ ಉತ್ತರದ ಪಾತಿಯ ಟೊಮೆಟೊ ಹೂವೇ ಬಿಡದೆ ಸೊರಗಿ ನಿಂತಾಗ ವಿಷಯ ಗೊತ್ತಾಯಿತು.

ಲೆಕ್ಕ ಹೀಗಿದೆ. ಮೈಸೂರು, ಬೆಂಗಳೂರು ಕಡೆ ಸೂರ್ಯ ವರ್ಷಕ್ಕೆ ಎರಡು ಸಲ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಏಪ್ರಿಲ್ ಕೊನೆಯ ಭಾಗದಲ್ಲೊಮ್ಮೆ, ಆಗಸ್ಟ್ 20ರ ಆಸುಪಾಸಿನಲ್ಲೊಮ್ಮೆ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕೆ ಇರುತ್ತಾನೆ, ಮಿಕ್ಕ ಎಂಟು ತಿಂಗಳು ದಕ್ಷಿಣಕ್ಕೆ. ಅಂದರೆ ಮನೆಯ ಉತ್ತರ ದಿಕ್ಕಿನ ಜಾಗಕ್ಕೆ ಮೇ, ಜೂನ್, ಜುಲೈನಲ್ಲಿ ಮಧ್ಯಾಹ್ನವೂ ಬಿಸಿಲು ಬೀಳುತ್ತದೆ. ಡಿಸೆಂಬರ್‌ನಲ್ಲಿ ಅದೇ ಜಾಗದ ಮೇಲೆ ಮನೆಯ ನೆರಳು. 22 ಅಡಿ ಎತ್ತರದ ಎರಡು ಅಂತಸ್ತಿನ ಮನೆಯ ನೆರಳು ಡಿಸೆಂಬರ್ ಮಧ್ಯಾಹ್ನ ಉತ್ತರಕ್ಕೆ ಸುಮಾರು 16 ಅಡಿ ಚಾಚುತ್ತದೆ. ಪ್ಯಾರಪೆಟ್ ಸೇರಿ 14 ಅಡಿ ಇರುವ ಒಂದೇ ಅಂತಸ್ತಿನ ಮನೆಯದ್ದು 10 ಅಡಿ. ಜೂನ್ ತಿಂಗಳಲ್ಲಿ ಅದೇ ಎರಡಂತಸ್ತಿನ ಮನೆಯ ನೆರಳು ದಕ್ಷಿಣಕ್ಕೆ ನಾಲ್ಕೂವರೆ ಅಡಿ ಕೂಡ ದಾಟುವುದಿಲ್ಲ.

ಇದು ನಮ್ಮವರಿಗೆ ಯಾಕೆ ಮುಖ್ಯ ಅಂದರೆ, ವಾಸ್ತು ನೋಡಿ ಕಟ್ಟಿಸುವಾಗ ಉತ್ತರ, ಪೂರ್ವದಲ್ಲೇ ಹೆಚ್ಚು ಜಾಗ ಬಿಡುತ್ತೇವೆ. ಹಾಗಾಗಿ ಕೈತೋಟ ಬಂದು ಕೂರುವುದು ಉತ್ತರಕ್ಕೇ. ನಮ್ಮಲ್ಲೂ ಉತ್ತರದಲ್ಲಿ 12 ಅಡಿ, ಪೂರ್ವದಲ್ಲಿ 8 ಅಡಿ ಇದೆ. ಚಳಿಗಾಲದಲ್ಲಿ ಮಧ್ಯಾಹ್ನದ ಹೊತ್ತಿಗೆ ಉತ್ತರದಲ್ಲಿ ಬಿಸಿಲು ಸಿಗುವುದು ಕಾಂಪೌಂಡ್ ಪಕ್ಕದ ಎರಡೇ ಅಡಿಗೆ.

ಗುರುತಿಸುವುದು ಸುಲಭ. ಬೆಳಿಗ್ಗೆ 9ಕ್ಕೆ, ಮಧ್ಯಾಹ್ನ 12ಕ್ಕೆ, 3ಕ್ಕೆ ನೆರಳಿನ ಅಂಚಿನ ಮೇಲೆ ರಂಗೋಲಿ ಪುಡಿಯಲ್ಲಿ ಗೆರೆ ಎಳೆಯಿರಿ. ಫೋನಲ್ಲಿ ಫೋಟೋ ತೆಗೆದು, ಗೆರೆಯನ್ನು ನಕ್ಷೆಗೆ ಇಳಿಸಿ. ತಿಂಗಳಿಗೊಮ್ಮೆ ಹೀಗೆ ಮಾಡಿದರೆ ಸಾಕು. ಡಿಸೆಂಬರ್‌ವರೆಗೂ ಕಾಯಲು ಆಗದಿದ್ದರೆ, ಗೋಡೆಯ ಎತ್ತರದಲ್ಲಿ ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಕಮ್ಮಿ ದೂರವನ್ನು ಉತ್ತರಕ್ಕೆ ಅಳೆದು ಗೆರೆ ಹಾಕಿ. ಚಳಿಗಾಲದ ನೆರಳು ಅಲ್ಲಿವರೆಗೆ. ಪಕ್ಕದ ಸೈಟು ಖಾಲಿ ಇದ್ದರೆ, ನಾಳೆ ಅಲ್ಲೂ ಮನೆ ಏಳುತ್ತದೆ ಅಂತ ಲೆಕ್ಕ ಹಾಕಿಯೇ ಮರದ ಜಾಗ ನಿರ್ಧರಿಸಿ.

ಟೊಮೆಟೊ, ಬದನೆ, ಮೆಣಸಿನಕಾಯಿ, ಬೆಂಡೆಗೆ ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು. ದಂಟು, ಪಾಲಕ್, ಮೆಂತ್ಯ, ಕೊತ್ತಂಬರಿಗೆ ಮೂರ್ನಾಲ್ಕು ಗಂಟೆ ಸಿಕ್ಕಿದರೂ ನಡೆಯುತ್ತದೆ. ಉತ್ತರದ ಜಾಗಕ್ಕೆ ನನಗೆ ಸಿಕ್ಕ ಒಳ್ಳೆಯ ಉತ್ತರ ಅರಿಶಿನ, ಶುಂಠಿ. ಮೇ ತಿಂಗಳಲ್ಲಿ ನೆಟ್ಟರೆ ಬಿಸಿಲಿರುವ ತಿಂಗಳಲ್ಲೇ ಬೆಳೆಯುತ್ತವೆ. ನೆರಳು ಬಂದಾಗ ತಡೆದುಕೊಳ್ಳುತ್ತವೆ. ಪೂರ್ತಿ ನೆರಳು ಕವಿಯುವ ಹೊತ್ತಿಗೆ ಎಲೆ ಒಣಗಿ ಕೀಳಲು ಬಂದಿರುತ್ತವೆ. ಸಂಕ್ರಾಂತಿಗೆ ಹಸಿ ಅರಿಶಿನದ ಕೊನೆ ಮನೆಯಲ್ಲೇ ಸಿಗುತ್ತದೆ.

ಮಣ್ಣು

ಇಲ್ಲಿಯೇ ನಿಜವಾದ ಕೆಲಸ. ದುಡ್ಡು ಖರ್ಚು ಮಾಡುವುದಿದ್ದರೂ ಇಲ್ಲಿಯೇ ಮಾಡಿ.

ಮೊದಲು ನಾಲ್ಕೈದು ಕಡೆ ಒಂದೂವರೆ ಅಡಿ ಆಳ ಅಗೆದು ನೋಡಿ. ಎಲ್ಲಿ ಒಡಕು ಸಿಗುತ್ತದೆ, ಎಷ್ಟು ಆಳದಲ್ಲಿ ಹಳೇ ನೆಲ ಸಿಗುತ್ತದೆ ಅಂತ ನಕ್ಷೆಯಲ್ಲಿ ಬರೆದುಕೊಳ್ಳಿ. ಹಳೇ ನೆಲ ಸಿಕ್ಕಾಗ ಗೊತ್ತಾಗುತ್ತದೆ. ಬಣ್ಣ ಒಂದೇ ಸಮ ಇರುತ್ತದೆ, ಅಲ್ಲಲ್ಲಿ ಸಣ್ಣ ಬೇರು, ಎರೆಹುಳು ಕಾಣುತ್ತದೆ.

ಪ್ರತಿ ಗುಂಡಿಯ ಮಣ್ಣನ್ನು ಒಂದೊಂದು ಚಮಚ ತಟ್ಟೆಗೆ ಹಾಕಿ, ಮೇಲೆ ಅಡುಗೆಮನೆಯ ವಿನೆಗರ್ ನಾಲ್ಕು ಹನಿ ಬಿಡಿ. ಬುಸುಬುಸು ನೊರೆ ಬಂದರೆ ಸುಣ್ಣ, ಸಿಮೆಂಟಿನ ಅಂಶ ಇದೆ. ನಮ್ಮಲ್ಲಿ ಕಾಂಪೌಂಡಿನ ಪಕ್ಕದ ಮಣ್ಣು ಸೋಡಾ ಹಾಕಿದ ಹಾಗೆ ನೊರೆ ಬಂತು, ಮಧ್ಯದ ಮಣ್ಣು ಸುಮ್ನೆ ಇತ್ತು. ಗಾರೆ ಕಲಸಿದ್ದು, ಪ್ಲಾಸ್ಟರಿಂಗ್ ಮಾಡುವಾಗ ಉದುರಿದ್ದು ಎಲ್ಲಾ ಗೋಡೆಯ ಬುಡದಲ್ಲೇ ಇರುತ್ತದಲ್ಲ. ಸುಣ್ಣ ಜಾಸ್ತಿ ಇರುವ ಮಣ್ಣಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಎಟಕುವುದಿಲ್ಲ. ಕೇಪಳದ ಎಲೆ ಹಳದಿಯಾಗಿ ನರ ಹಸಿರಾಗಿ ಉಳಿದದ್ದು ಅದಕ್ಕೇ. ಫೆರಸ್ ಸಲ್ಫೇಟ್ ಸಿಂಪಡಿಸಿದರೆ ಕೆಲವು ವಾರ ಹಸಿರಾಗುತ್ತದೆ, ಆಮೇಲೆ ಮತ್ತೆ ಅದೇ ಕಥೆ. ಅಂಥ ಕಡೆ ಒಂದಡಿ ಅಗಲ, ಒಂದೂವರೆ ಅಡಿ ಆಳ ಮಣ್ಣು ತೆಗೆಸಿ ಬೇರೆ ತುಂಬಿಸುವುದೇ ಸರಿ.

ನೀರು ಬಸಿಯುತ್ತದೋ ಇಲ್ಲವೋ ನೋಡಲು ಒಂದಡಿ ಗುಂಡಿಗೆ ನೀರು ತುಂಬಿ, ಇಂಗಿದ ಮೇಲೆ ಮತ್ತೊಮ್ಮೆ ತುಂಬಿ. ಎರಡನೇ ಸಲದ್ದು ಗಂಟೆಗೆ ಎಷ್ಟು ಇಂಚು ಇಳಿಯಿತು ಅಂತ ಕೋಲಿನಲ್ಲಿ ಅಳೆಯಿರಿ. ಒಂದರಿಂದ ಮೂರು ಇಂಚು ಇಳಿದರೆ ಚೆನ್ನಾಗಿದೆ. ಒಂದು ಇಂಚಿಗೂ ಕಮ್ಮಿ ಆದರೆ ಲಾರಿ, ಜೆಸಿಬಿ ಓಡಾಡಿ ನೆಲ ಗಟ್ಟಿಯಾಗಿದೆ ಅಂತ ಅರ್ಥ. ಹಾರೆ ಹಾಕಿ ಒಂದೂವರೆ ಅಡಿ ಸಡಿಲ ಮಾಡಿಸಲೇಬೇಕು.

ಒಂದು ಸಲ ಮಣ್ಣು ಪರೀಕ್ಷೆಯನ್ನೂ ಮಾಡಿಸಿ. ಆರು ಕಡೆ ಅರ್ಧ ಅಡಿ ಆಳದ ಮಣ್ಣು ತೆಗೆದು, ಬಕೆಟ್‌ನಲ್ಲಿ ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕೆ.ಜಿ ಕಟ್ಟಿಕೊಂಡು ಹೋಗಿ. ಗೊಬ್ಬರ ಹಾಕಿದ ಜಾಗದ್ದು ಬೇಡ. ಮೈಸೂರಿನವರಿಗೆ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರ ಹತ್ತಿರ. ಬೇರೆ ಜಿಲ್ಲೆಯವರು ತಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಚೀಟಿಯಲ್ಲಿ ರಸಸಾರ (ಪಿಎಚ್, ಮಣ್ಣು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ) 6.5ರಿಂದ 7.5ರ ಒಳಗಿದ್ದರೆ ಬಹುತೇಕ ಎಲ್ಲ ತರಕಾರಿಗೂ ಸರಿ.

ಆಮೇಲೆ ಜರಡಿ. ಮರಳು ಜರಡಿ ಹಿಡಿಯುವ ದೊಡ್ಡ ಕಬ್ಬಿಣದ ಜರಡಿ ಯಾವ ಕಟ್ಟಡದ ಹತ್ತಿರವಾದರೂ ಸಿಗುತ್ತದೆ. ಇಬ್ಬರು ಆಳು, ನಮ್ಮನೆಯವರು, ನಾನು ಸೇರಿ ನಾಲ್ಕು ದಿನ ಅಗೆದು ಜರಡಿ ಹಿಡಿದೆವು. ಬಂದ ಒಡಕನ್ನು ಮೂಲೆಯಲ್ಲಿ ಗುಡ್ಡೆ ಹಾಕಬೇಡಿ. ಹೊಸ ಬಡಾವಣೆಯಲ್ಲಿ ಸುತ್ತ ಖಾಲಿ ಸೈಟು ಇರುತ್ತವೆ, ಹಾವು ಬಂದು ಸೇರುವುದು ಇಂಥ ಗುಡ್ಡೆಗೇ. ದೊಡ್ಡ ಚೂರುಗಳನ್ನು ಓಡಾಡುವ ದಾರಿಯ ಅಡಿಗೆ ಹಾಕಿ ದಮ್ಮಸ್ಸು ಮಾಡಿಸಿ.

ಮಿಕ್ಕ ಜಾಗ ತುಂಬಲು ಟ್ರ್ಯಾಕ್ಟರ್ ಮಣ್ಣು ಬೇಕಾಗುತ್ತದೆ. ಪೂರ್ತಿ ಲೋಡು ತರಿಸುವ ಮುಂಚೆ ಒಂದು ಬಾಂಡ್ಲಿ ಮಣ್ಣು ಕೇಳಿ ತನ್ನಿ. ಅಗಲವಾದ ಬೇಸಿನ್‌ನಲ್ಲಿ ಹರಡಿ, ದಿನಾ ನೀರು ಚಿಮುಕಿಸಿ, ಹದಿನೈದು ದಿನ ನೋಡಿ. ಏನು ಮೊಳೆಯುತ್ತದೋ ಅದೇ ನಿಮ್ಮ ತೋಟದ ಮುಂದಿನ ಐದು ವರ್ಷದ ಕಳೆ. ಪಾರ್ಥೇನಿಯಂ ಬಂದರೆ ಕಿತ್ತು ಸುಧಾರಿಸಬಹುದು. ಜೇಕು ಹುಲ್ಲು ಬಂದರೆ ಮಾತ್ರ ಆ ಮಣ್ಣು ಬೇಡವೇ ಬೇಡ. ಮೇಲೆ ಎಳೆದರೆ ಹುಲ್ಲು ಮಾತ್ರ ಕೈಗೆ ಬರುತ್ತದೆ, ಕೆಳಗೆ ದಾರದಲ್ಲಿ ಪೋಣಿಸಿದ ಹಾಗೆ ಗಡ್ಡೆಗಳು ಉಳಿದುಬಿಡುತ್ತವೆ. ಕೆರೆ ಗೋಡು ಸಿಕ್ಕಿದರೆ ಬಹಳ ಒಳ್ಳೆಯದು, ಆದರೆ ನಾಲ್ಕರಲ್ಲಿ ಒಂದು ಭಾಗ ಸಾಕು. ಜಾಸ್ತಿ ಹಾಕಿದರೆ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ.

ಕೊಟ್ಟಿಗೆ ಗೊಬ್ಬರ ಕೊಳ್ಳುವಾಗ ಕೈಯಲ್ಲಿ ಹಿಡಿದು ನೋಡಿ. ಪುಡಿಪುಡಿಯಾಗಿ, ಕಪ್ಪಗೆ, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಇರಬೇಕು. ಸಗಣಿ ವಾಸನೆ ಬಂದರೆ, ಮುಟ್ಟಿದರೆ ಬಿಸಿ ಇದ್ದರೆ ಇನ್ನೂ ಕಳಿತಿಲ್ಲ. ಕಳಿಯದ ಗೊಬ್ಬರದ ಜೊತೆ ಗೊಣ್ಣೆ ಹುಳುವೂ ಬರುತ್ತದೆ. ಬೆಳ್ಳಗೆ, ದಪ್ಪಗೆ, ಅರ್ಧಚಂದ್ರದ ಹಾಗೆ ಮುದುರಿಕೊಂಡಿರುತ್ತದಲ್ಲ, ಅದೇ. ಬೇರು ತಿಂದು ಗಿಡವನ್ನು ನಿಂತಲ್ಲೇ ಒಣಗಿಸುತ್ತದೆ.

ಹುರುಳಿ ಬಿತ್ತಿ

ಜರಡಿ ಹಿಡಿದು, ಗೊಬ್ಬರ ಬೆರೆಸಿದ ನೆಲ ನೋಡಿದ ಕೂಡಲೇ ಗಿಡ ನೆಡುವ ಆಸೆ ಆಗುತ್ತದೆ. ಎರಡು ತಿಂಗಳು ತಡೆಯಿರಿ. ಮೇ ತಿಂಗಳ ಮಳೆ ಒಂದೆರಡು ಬಿದ್ದ ಮೇಲೆ ಕಿರಾಣಿ ಅಂಗಡಿಯ ಹುರುಳಿಯನ್ನೇ ತಂದು ದಟ್ಟವಾಗಿ ಬಿತ್ತಿ. 200 ಚದರಡಿಗೆ ಅರ್ಧ ಕೆ.ಜಿ ಧಾರಾಳ. ಜೊತೆಗೆ ಒಂದು ಹಿಡಿ ಅಲಸಂದೆ, ಹೆಸರು, ಎಳ್ಳು ಸೇರಿಸಿದರೂ ಸರಿ. ಸೆಣಬಿನ ಬೀಜ ಸಿಕ್ಕಿದರೆ ಅದೂ ಒಳ್ಳೆಯದು.

ನಾಲ್ಕೈದು ದಿನಕ್ಕೆ ಮೊಳಕೆ. ತಿಂಗಳಿಗೆ ನೆಲ ಕಾಣದ ಹಾಗೆ ಹಸಿರು. ನಡುವೆ ಎಲ್ಲಿ ಬೋಳಾಗಿ ಉಳಿಯಿತು, ಎಲ್ಲಿ ಗಿಡ ಹಳದಿಯಾಗಿದೆ ನೋಡಿಕೊಳ್ಳಿ. ಆ ಜಾಗದಲ್ಲಿ ಇನ್ನೂ ಒಡಕು ಇದೆ. ನಮ್ಮಲ್ಲಿ ಪೂರ್ವದ ಪಾತಿಯ ಮಧ್ಯೆ ಮೊರದಷ್ಟು ಅಗಲ ಹುರುಳಿ ಏಳಲೇ ಇಲ್ಲ. ಅಗೆದರೆ ಒಂದಡಿ ಕೆಳಗೆ ಗಾರೆ ಕಲಸಿದ ಜಾಗ, ಹೆಂಚಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಮಣ್ಣು ಪರೀಕ್ಷೆಯ ಚೀಟಿ ಹೇಳದ ವಿಷಯವನ್ನು ಹತ್ತು ರೂಪಾಯಿ ಹುರುಳಿ ಹೇಳಿತು.

ತಿಂಗಳಾದ ಮೇಲೆ ಒಂದು ಗಿಡ ಮೆಲ್ಲಗೆ ಕಿತ್ತು ಬೇರು ತೊಳೆದು ನೋಡಿ. ಸಾಸಿವೆ ಕಾಳಿನ ಗಾತ್ರದ ಗಂಟುಗಳು ಅಂಟಿಕೊಂಡಿರುತ್ತವೆ. ಒಂದನ್ನು ಉಗುರಲ್ಲಿ ಸೀಳಿ. ಒಳಗೆ ನಸುಗೆಂಪು ಇದ್ದರೆ ಗಾಳಿಯ ಸಾರಜನಕವನ್ನು ಗಿಡ ಬಳಸುವ ಹಾಗೆ ಮಾಡುವ ಸೂಕ್ಷ್ಮಜೀವಿಗಳು ಕೆಲಸ ಮಾಡುತ್ತಿವೆ ಅಂತ. ಆ ಕೆಂಪು ಕಂಡಾಗ ನನಗಾದ ಸಂತೋಷ ಆಮೇಲೆ ಮೊದಲ ಟೊಮೆಟೊ ಕಂಡಾಗಲೂ ಆಗಲಿಲ್ಲ.

ಸುಮಾರು 45 ದಿನಕ್ಕೆ, ಕಾಯಿ ಕಟ್ಟುವ ಮುಂಚೆ, ಕುಡುಗೋಲಲ್ಲಿ ಕೊಯ್ದು ಅಲ್ಲೇ ಮಡಚಿ ಹಾಕಿ. ಬೇರು ಕೀಳಬೇಡಿ. ಮೇಲೆ ಸ್ವಲ್ಪ ಮಣ್ಣು ಎಳೆದು ಎರಡು ಮೂರು ವಾರ ಬಿಡಿ. ಅಷ್ಟರಲ್ಲಿ ಎರೆಹುಳು ತಾನಾಗಿ ಬರುತ್ತವೆ, ಕೊಂಡು ತರಬೇಕಿಲ್ಲ.

ಮಳೆಗಾಲ ಮುಗಿದ ಮೇಲೆ ಮನೆಗೆ ಬಂದವರೂ ಇದನ್ನೇ ಮಾಡಬಹುದು, ನೀರು ಮಾತ್ರ ನೀವೇ ಹಾಕಬೇಕು.

ನೀರಿನ ಲೆಕ್ಕ

ಮಾರ್ಚ್, ಏಪ್ರಿಲ್ ಬಿಸಿಲಲ್ಲಿ 100 ಚದರಡಿ ತರಕಾರಿ ಪಾತಿಗೆ ದಿನಕ್ಕೆ 45ರಿಂದ 50 ಲೀಟರ್ ಬೇಕಾಗುತ್ತದೆ. ನಿಮ್ಮ ಮನೆಯ ನಲ್ಲಿ, ಬೋರು ಅಷ್ಟು ಕೊಡುತ್ತದಾ ನೋಡಿ, ಅಷ್ಟೇ ಪಾತಿ ಮಾಡಿ. ಬೇಸಿಗೆಯ ನೀರು ನೋಡಿ ತೋಟದ ಅಳತೆ ಇಡಬೇಕು, ಮಳೆಗಾಲದ ಹುಮ್ಮಸ್ಸು ನೋಡಿ ಅಲ್ಲ.

ಮಳೆ ನೀರಿನ ಲೆಕ್ಕವೂ ಸುಲಭ. 1000 ಚದರಡಿ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ 93 ಲೀಟರ್. ಒಂದು ಒಳ್ಳೆಯ ಮಳೆಗೆ 25 ಮಿ.ಮೀ ಬಿದ್ದರೆ, ಅಲ್ಲಿ ಇಲ್ಲಿ ಹೋದದ್ದು ಕಳೆದರೂ ಎರಡು ಸಾವಿರ ಲೀಟರ್ ಹತ್ತಿರ ಸಿಗುತ್ತದೆ. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿ.ಮೀ ಮಳೆ. ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲೊಮ್ಮೆ ಜೋರು, ಮಧ್ಯೆ ಜುಲೈಯಲ್ಲಿ ಬರೀ ಮೋಡ, ಜಡಿ. ಹಾಗಾಗಿ ಒಂದು ಡ್ರಮ್ ಇಟ್ಟರೂ ಬಹಳ ಸಲ ತುಂಬುತ್ತದೆ. ಮುಚ್ಚಳ ಇರಲಿ, ಇಲ್ಲದಿದ್ದರೆ ವಾರದಲ್ಲೇ ಸೊಳ್ಳೆ ಮರಿ.

ಪಾತ್ರೆ ತೊಳೆದ ನೀರು, ಬಚ್ಚಲ ನೀರು ಹೋಗುವ ಕಡೆ ಬಾಳೆ, ಕೆಸು ಇಡುವುದು ನಮ್ಮ ಹಳೇ ಪದ್ಧತಿ, ಈಗಲೂ ಅದೇ ಸರಿ. ಕುಡಿಯುವ ನೀರಿನ ಆರ್‌ಒ ಫಿಲ್ಟರ್ ಬೇಡ ಅಂತ ಹೊರಗೆ ಬಿಡುವ ನೀರಿನಲ್ಲಿ ಉಪ್ಪು ಜಾಸ್ತಿ. ಅದನ್ನು ದಿನಾ ಒಂದೇ ಗಿಡಕ್ಕೆ ಹಾಕಬೇಡಿ, ಅಂಗಳ ತೊಳೆಯಲು ಬಳಸಿ.

ಈಗ ಗೆರೆ ಹಾಕಿ

ನಕ್ಷೆ, ನೆರಳು, ಮಣ್ಣು, ನೀರು ಗೊತ್ತಾದ ಮೇಲೆ ಪಾತಿಯ ಜಾಗ ತಾನಾಗಿ ತಿಳಿಯುತ್ತದೆ. ಎರಡೂ ಕಡೆಯಿಂದ ಕೈ ಎಟಕುವ ಪಾತಿ ನಾಲ್ಕು ಅಡಿ ಅಗಲ ಇರಲಿ, ಕಾಂಪೌಂಡಿಗೆ ತಾಗಿದ್ದರೆ ಎರಡೇ ಅಡಿ. ನಡುವೆ ಒಂದೂವರೆ ಅಡಿ ದಾರಿ. ಪಾತಿಯ ಒಳಗೆ ಕಾಲಿಡುವ ಪ್ರಮೇಯವೇ ಬರಬಾರದು, ಕಷ್ಟಪಟ್ಟು ಸಡಿಲ ಮಾಡಿದ ಮಣ್ಣು ಅಲ್ವಾ. ಮಳೆಗಾಲಕ್ಕೆ ನೆಲಕ್ಕಿಂತ ಎಂಟು ಇಂಚು ಎತ್ತರ ಇರಲಿ.

ಅಡುಗೆಮನೆ ಬಾಗಿಲಿನ ಹತ್ತಿರ ಕರಿಬೇವು, ಕೊತ್ತಂಬರಿ, ದೊಡ್ಡಪತ್ರೆ. ಒಗ್ಗರಣೆ ಒಲೆ ಮೇಲಿಟ್ಟು ಓಡಿಹೋಗಿ ಕಿತ್ತು ತರುವಷ್ಟು ಹತ್ತಿರ. ದೂರ ಇಟ್ಟರೆ ಮಳೆ ಬಂದ ದಿನ ಯಾರೂ ಹೋಗುವುದಿಲ್ಲ. ಹೀರೆ, ಪಡವಲ, ಹಾಗಲಕ್ಕೆ ಒಂದು ಚಪ್ಪರ. ಎತ್ತರ ಆರೂವರೆ ಅಡಿ ಇರಲಿ, ತಲೆಗೆ ತಾಗಬಾರದು. ಚಪ್ಪರ ತನ್ನ ನೆರಳು ಬೇರೆ ಪಾತಿಗೆ ಹಾಕದ ಕಡೆ, ಅಂದರೆ ಉತ್ತರದ ಅಂಚಿಗೆ ಬರಲಿ. ಗೊಬ್ಬರದ ಗುಂಡಿ ಗಾಳಿಗೆ ಎದುರಾಗದ ಮೂಲೆಯಲ್ಲಿ. ಒಣ ಎಲೆ ತುಂಬಿಡಲು ಪಕ್ಕದಲ್ಲೇ ಒಂದು ಜಾಲರಿ ಬುಟ್ಟಿ ಇದ್ದರೆ ಹಸಿ ಕಸ ಹಾಕಿದಾಗಲೆಲ್ಲ ಮೇಲೆ ಎರಡು ಹಿಡಿ ಎಲೆ ಉದುರಿಸಬಹುದು, ವಾಸನೆ ಬರುವುದಿಲ್ಲ.

ತಾರಸಿಯಲ್ಲೂ ಕುಂಡ ಇಡುವ ಯೋಚನೆ ಇದ್ದರೆ ಒಂದು ಘನ ಅಡಿ ಒದ್ದೆ ಮಣ್ಣು ಸುಮಾರು 50 ಕೆ.ಜಿ ತೂಗುತ್ತದೆ ಅನ್ನುವುದು ನೆನಪಿರಲಿ. ಭಾರ ತೊಲೆ, ಗೋಡೆಯ ಮೇಲೆ ಬೀಳುವ ಹಾಗೆ ಅಂಚಿನಲ್ಲಿ ಇಡಿ.

ಮರ ಒಂದೇ ಒಂದು, ಯೋಚಿಸಿ

ತರಕಾರಿಯಲ್ಲಿ ತಪ್ಪಾದರೆ ಮೂರು ತಿಂಗಳಲ್ಲಿ ಸರಿಯಾಗುತ್ತದೆ. ಮರದಲ್ಲಿ ಹಾಗಲ್ಲ. ನಗರದಲ್ಲಿ ನಮ್ಮದೇ ಸೈಟಿನ ಮರ ಕಡಿಯಬೇಕಾದರೂ ಹೆಚ್ಚಿನ ಜಾತಿಗಳಿಗೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಬೇಕು. ಅದಕ್ಕಿಂತ ಹೆಚ್ಚಾಗಿ, ಹತ್ತು ವರ್ಷ ಸಾಕಿದ ಮರ ಕಡಿಯಲು ಮನಸ್ಸು ಬರುವುದಿಲ್ಲ. ಗೇಟಿನ ಪಕ್ಕ ಸಂಪಿಗೆ ನೆಟ್ಟು, ಅದು ಕರೆಂಟ್ ತಂತಿ ಮುಟ್ಟಿ, ವರ್ಷಾ ವರ್ಷಾ ತಲೆ ಕತ್ತರಿಸಿಕೊಂಡು ನಿಂತಿರುವುದನ್ನು ನಮ್ಮ ಬೀದಿಯಲ್ಲೇ ಮೂರು ಕಡೆ ನೋಡುತ್ತೇನೆ. ಹೂವಿನ ಮರ ಬೇಕೇ ಬೇಕು ಅಂದರೆ ಪಾರಿಜಾತ, ನಂದಿಬಟ್ಟಲು ಸಣ್ಣ ಜಾಗಕ್ಕೆ ಹೊಂದುತ್ತವೆ.

ತೆಂಗು ಎಲ್ಲರಿಗೂ ಬೇಕು. ಆದರೆ ಅದರ ಗರಿ ಸುತ್ತ ಹನ್ನೆರಡು ಹದಿನೈದು ಅಡಿ ಹರಡುತ್ತದೆ. 40×60ರಲ್ಲಿ ಕಾಯಿ ಬೀಳುವುದು ಪಕ್ಕದವರ ಕಾರಿನ ಮೇಲೆ. ಮಾವು ಬೇಕಾದರೆ ಆಮ್ರಪಾಲಿ ಕಸಿ ತನ್ನಿ. ಅದು ಗಿಡ್ಡ ಜಾತಿ, ತೋಟಗಳಲ್ಲಿ ಎರಡೂವರೆ ಮೀಟರ್ ಅಂತರದಲ್ಲೇ ನೆಡುತ್ತಾರೆ. ಕೊಯ್ಲಾದ ಮೇಲೆ ಪ್ರತಿ ವರ್ಷ ಸವರಿದರೆ ಕೈಗೆಟಕುವ ಎತ್ತರದಲ್ಲಿ ನಿಲ್ಲುತ್ತದೆ. ಸೀಬೆ, ನಿಂಬೆ, ನುಗ್ಗೆಯೂ ಹಾಗೇ ಸವರಿ ಇಟ್ಟುಕೊಳ್ಳಬಹುದಾದವು. ನುಗ್ಗೆ ಕೊಂಬೆ ಗಾಳಿಗೆ ಬೇಗ ಮುರಿಯುತ್ತದೆ, ಕಂಬಳಿಹುಳವೂ ಹಿಡಿಯುತ್ತದೆ. ಮಕ್ಕಳು ಆಡುವ ಕಡೆ ಬೇಡ.

ಮಾವಿಗೆ ಮೂರಡಿ, ನಿಂಬೆ, ಸೀಬೆಗೆ ಎರಡಡಿ ಉದ್ದ ಅಗಲ ಆಳದ ಗುಂಡಿ ಮೇ ಮೊದಲ ವಾರವೇ ತೆಗೆಸಿ ಬಿಸಿಲಿಗೆ ಬಿಡಿ. ರೋಹಿಣಿ ಮಳೆ ಹೊತ್ತಿಗೆ, ಅಂದರೆ ಮೇ ಕೊನೆಗೆ, ಮೇಲ್ಮಣ್ಣು, ಗೊಬ್ಬರ, ಒಂದೆರಡು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಿ. ಜೂನ್‌ನಲ್ಲಿ ನೆಡಿ. ಕಸಿ ಕಟ್ಟಿದ ಗಂಟು ಮಣ್ಣಿನಿಂದ ಮೇಲೇ ಇರಬೇಕು. ಗಂಟಿನ ಕೆಳಗೆ ಚಿಗುರು ಬಂದರೆ ಆಗಾಗ ಚಿವುಟಿ, ಅದು ಕಸಿಯದ್ದಲ್ಲ, ಕೆಳಗಿನ ಕಾಡು ಗಿಡದ್ದು.

ಸಸಿ, ಬೀಜ, ತುಂಡು

ನರ್ಸರಿಯಲ್ಲಿ ಹೂ, ಕಾಯಿ ಬಿಟ್ಟು ನಿಂತ ಗಿಡ ನೋಡಿ ಮರುಳಾಗಬೇಡಿ. ಸಣ್ಣ ಚೀಲದಲ್ಲಿ ವಯಸ್ಸಾದ ಗಿಡದ ಬೇರು ಸುತ್ತಿಕೊಂಡು ಉಂಡೆ ಆಗಿರುತ್ತದೆ. ಚೀಲದ ಕೆಳಗಿನ ತೂತಿನಿಂದ ದಪ್ಪ ಬೇರು ಹೊರಬಂದಿದ್ದರೆ ಬಿಡಿ. ಎಲೆಯ ಹಿಂಬದಿ ತಿರುಗಿಸಿ ನೋಡಿ, ಬಿಳಿ ನೊಣ, ಹಿಟ್ಟು ತಿಗಣೆ ಇದ್ದರೆ ಮನೆಯ ಮಿಕ್ಕ ಗಿಡಕ್ಕೂ ಹಬ್ಬುತ್ತದೆ. ಹಣ್ಣಿನ ಕಸಿಗೆ ತೋಟಗಾರಿಕೆ ಇಲಾಖೆಯ ನರ್ಸರಿಗೆ ಹೋದರೆ ತಳಿಯ ಹೆಸರು ನಂಬಬಹುದು.

ಬೀಜಕ್ಕೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ತಳಿಗಳು ಇವೆ. ಬೆಂಡೆಯಲ್ಲಿ ಹಳದಿ ನಂಜು ರೋಗ ಬಹಳ ಕಾಟ ಕೊಡುತ್ತದೆ, ಅದನ್ನು ತಡೆಯಲೆಂದೇ ಬೆಳೆಸಿದ ತಳಿ ಅರ್ಕಾ ಅನಾಮಿಕ. ಮುಂದಿನ ವರ್ಷಕ್ಕೆ ಬೀಜ ಇಟ್ಟುಕೊಳ್ಳುವ ಆಸೆ ಇದ್ದರೆ ಪೊಟ್ಟಣದ ಮೇಲೆ ಎಫ್1 ಅಂತ ಬರೆದಿರುವ ಹೈಬ್ರಿಡ್ ಬೇಡ, ನಾಟಿ ಬೀಜ ಹುಡುಕಿ.

ಇನ್ನು ತೊಂಡೆ, ಬಸಳೆ, ನುಗ್ಗೆ, ಮಲ್ಲಿಗೆ, ದಾಸವಾಳ, ದೊಡ್ಡಪತ್ರೆ ಇವನ್ನೆಲ್ಲ ದುಡ್ಡು ಕೊಟ್ಟು ತರಬೇಕಿಲ್ಲ. ತುಂಡು ನೆಟ್ಟರೆ ಬರುತ್ತವೆ. ಹೊಸ ಬಡಾವಣೆಯಲ್ಲಿ ಅಕ್ಕಪಕ್ಕದವರ ಪರಿಚಯ ಆಗುವುದೂ ಹೀಗೇ. ಎದುರುಮನೆ ಅಜ್ಜಿಯ ಹತ್ತಿರ ತೊಂಡೆ ಬಳ್ಳಿ ಕೇಳಿದಾಗ ಅವರು ಪೆನ್ಸಿಲ್ ದಪ್ಪದ, ನಾಲ್ಕು ಗಣ್ಣಿರುವ ತುಂಡು ಆರಿಸಿ, "ಎರಡು ಗಣ್ಣು ಒಳಗೆ, ಎರಡು ಗಣ್ಣು ಮೇಲೆ, ತಲೆಕೆಳಗು ಮಾಡ್ಬೇಡ ಮಗಳೇ" ಅಂತ ಮೇಲಿನ ತುದಿಗೆ ಸಗಣಿ ಮೆತ್ತಿ ಕೊಟ್ಟರು. ನೋಡಿದ ಕೂಡಲೇ ಮೇಲೆ ಯಾವುದು ಕೆಳಗೆ ಯಾವುದು ಗೊತ್ತಾಗಲಿ ಅಂತಲೂ, ತುದಿ ಒಣಗದಿರಲಿ ಅಂತಲೂ.

ಮೊದಲ ಬೆಳೆ

ಹುರುಳಿ ಕೊಯ್ದು ಮೂರು ವಾರ ಬಿಟ್ಟ ಮೇಲೆ ಜುಲೈ ಕೊನೆಗೆ ನಾವು ಬಿತ್ತಿದ್ದು ದಂಟು, ಮೆಂತ್ಯ, ಬೆಂಡೆ ಮತ್ತು ಅವರೆ. ಮೊದಲ ಬೆಳೆಗೆ ಇಂಥ ಸುಲಭದವನ್ನೇ ಆರಿಸಿ. ಎಲೆಕೋಸು, ಹೂಕೋಸು ಎರಡನೇ ವರ್ಷಕ್ಕೆ ಇರಲಿ. ದಂಟು ಮೂರೂವರೆ ವಾರಕ್ಕೆ ಸಾರಿಗೆ ಬರುತ್ತದೆ, ಕೈಗೆ ಉತ್ಸಾಹ ಬರುತ್ತದೆ. ನಾಟಿ ಅವರೆ ಮಾತ್ರ ಎಲೆ, ಬಳ್ಳಿ ಎಷ್ಟೇ ಬೆಳೆದರೂ ಹೂ ಬಿಡುವುದು ಹಗಲು ಚಿಕ್ಕದಾದ ಮೇಲೆಯೇ. ಸೆಪ್ಟೆಂಬರ್‌ನಲ್ಲಿ "ಯಾಕೆ ಹೂವಿಲ್ಲ" ಅಂತ ಗೊಬ್ಬರ ಸುರಿಯಬೇಡಿ, ಕಾಯಿರಿ. ಬೇಗ ಬೇಕಾದವರಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 3, 4 ತಳಿಗಳು ಇವೆ, ಅವಕ್ಕೆ ಹಗಲಿನ ಉದ್ದದ ಹಂಗಿಲ್ಲ. ಆದರೆ ಸೊಗಡು ಬೇಕು ಅನ್ನುವವರು ನಾಟಿಯನ್ನೇ ಹಾಕುತ್ತಾರೆ. ಅದನ್ನು ಚಳಿಗಾಲದಲ್ಲಿ ಬಿಸಿಲು ಬೀಳುವ ಕಡೆಯೇ ಬಿತ್ತಬೇಕು ಅನ್ನುವುದು ರಂಗೋಲಿ ಗೆರೆ ನೋಡಿದವರಿಗೆ ಗೊತ್ತೇ ಇರುತ್ತದೆ.

ಮಳೆಗಾಲದ ರಾತ್ರಿ ಟಾರ್ಚ್ ಹಿಡಿದು ಒಂದು ಸುತ್ತು ಹಾಕಿ. ದೊಡ್ಡ ಬಸವನಹುಳುಗಳು ಆಗಲೇ ಹೊರಗೆ ಬರುವುದು. ಪರಂಗಿ ಎಲೆಯನ್ನು ಅಲ್ಲಲ್ಲಿ ಹಾಸಿಟ್ಟರೆ ಅದರ ಅಡಿ ಸೇರುತ್ತವೆ, ಬೆಳಿಗ್ಗೆ ಕೈಗೆ ಕವರ್ ಹಾಕಿಕೊಂಡು ಆರಿಸಿ ಉಪ್ಪು ನೀರಿನ ಬಕೆಟ್‌ಗೆ ಹಾಕಿ. ನಿಂಬೆ, ಕರಿಬೇವಿನ ಎಲೆ ಮೇಲೆ ಹಕ್ಕಿ ಹಿಕ್ಕೆಯ ಹಾಗೆ ಕಾಣುವ ಹುಳ ಕಂಡರೆ ಅದು ಚಿಟ್ಟೆಯ ಮರಿ. ಗಿಡ ದೊಡ್ಡದಾಗಿದ್ದರೆ ನಾಲ್ಕೈದನ್ನು ಬಿಟ್ಟುಬಿಡಿ. ಸಸಿಯಾಗಿದ್ದರೆ ಪಕ್ಕದ ಬೇರೆ ಕರಿಬೇವಿಗೆ ಸಾಗಿಸಿ.

ನನ್ನ ಹಳದಿ ಕೇಪಳವನ್ನು ಆ ಜುಲೈನಲ್ಲೇ ಬೇರು ಸಮೇತ ಎಬ್ಬಿಸಿ, ಅಂಟಿದ್ದ ಸಿಮೆಂಟ್ ಮಣ್ಣನ್ನು ಬಕೆಟ್ ನೀರಲ್ಲಿ ತೊಳೆದು, ಗೋಡೆಯಿಂದ ಮೂರಡಿ ದೂರ ಹೊಸ ಮಣ್ಣಲ್ಲಿ ಕೂರಿಸಿದೆ. ಹಳೇ ಎಲೆಗಳು ಉದುರಿದವು. ಸೆಪ್ಟೆಂಬರ್ ಎರಡನೇ ವಾರ ಬಂದ ಚಿಗುರು ಮೊದಲು ಕಂದು ಬಣ್ಣ, ನಾಲ್ಕು ದಿನಕ್ಕೆ ನರದಿಂದ ಅಂಚಿನವರೆಗೂ ಒಂದೇ ಸಮ ಹಸಿರು.